ಸೆರಗು ಎಳೆದುಕೊಂಡರೆ ಅದೇ ಹೆಸರು

ಮಧ್ಯಾಹ್ನದ ಊಟ ಮುಗಿಸಿ, ಒಲೆಕಟ್ಟೆ ಒರೆಸಿ, ಕಿಟಕಿಯ ಪರದೆಯನ್ನು ಅರ್ಧ ಎಳೆದು ಅಡ್ಡಾದಾಗ ನನಗೆ ನಿದ್ದೆಗಿಂತ ಮೊದಲು ಹೆಸರುಗಳು ಬರುತ್ತವೆ. ಮಲ್ಲಪ್ಪ. ಸಾಬಣ್ಣ. ಶರಣಪ್ಪ. ಭೀಮರಾಯ. ಯಾರೋ ಬಹಳ ಮೆತ್ತಗೆ, ಒಂದಾದ ಮೇಲೊಂದು, ನಡುವೆ ಒಂದು ಉಸಿರಿನಷ್ಟು ಜಾಗ ಬಿಟ್ಟು ಹೇಳುತ್ತಿರುತ್ತಾರೆ. ಹೇಳುವವರ ಮುಖ ಕಾಣುವುದಿಲ್ಲ. ಫಿನಾಯಿಲಿನ ವಾಸನೆ ಬರುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಿನ ಸಪ್ಪಳ ಬರುತ್ತದೆ. ಆಮೇಲೆ ಕಣ್ಣು ಮುಚ್ಚಿಹೋಗುತ್ತದೆ.

ಆ ದನಿ ಮಾವಶಿಯದು. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಪುಣೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಯಾ ಕೆಲಸದ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಅಂಥ ಮಾವಶಿಯರು ಬಹಳ ಜನ ಇದ್ದರು. ಆದರೆ ಕ್ಯಾಜುವಲ್ಟಿಯಲ್ಲಿ, ಅಂದರೆ ಬಿದ್ದವರು, ಸುಟ್ಟವರು, ಗಾಡಿಗೆ ಸಿಕ್ಕವರು ಮೊದಲು ಬಂದು ಸೇರುವ ಆ ದೊಡ್ಡ ಕೋಣೆಯಲ್ಲಿ, ಬರೀ ಮಾವಶಿ ಎಂದರೆ ಇವರೊಬ್ಬರೇ. ಇವರಿಗೂ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಅದನ್ನು ಇಲ್ಲಿ ಬರೆಯುತ್ತಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿಜಾಪುರದಿಂದ ಮದುವೆಯಾಗಿ ಪುಣೆಯ ಖಡಕಿಗೆ ಬಂದೆ. ನಮ್ಮ ಮನೆಯವರದು ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಒಂದೆರಡು ವರ್ಷಕ್ಕೆ ನನಗೂ ಆಸ್ಪತ್ರೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ, ಕ್ಯಾಜುವಲ್ಟಿಯ ಬಾಗಿಲ ಪಕ್ಕದ ಸಣ್ಣ ಕಿಟಕಿಯ ಹಿಂದೆ ಕೂತೆ. ಕೇಸ್ ಪೇಪರ್ ಬರೆಯುವುದು ನನ್ನ ಕೆಲಸ. ಹೆಸರು, ವಯಸ್ಸು, ಊರು, ಏನಾಯಿತು. ನಾಲ್ಕೇ ಪ್ರಶ್ನೆ. ಮೊದಲನೆಯದರಲ್ಲೇ ಬಂಡಿ ನಿಂತುಬಿಡುತ್ತಿತ್ತು.

ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ನಮ್ಮ ಕಡೆಯ ಜನ. ಅಫಜಲಪುರ, ಶಹಾಪುರ, ಸುರಪುರ, ಇಂಡಿ. ಗಂಡನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದವರು ಅವನನ್ನು ಒಳಗೆ ಮಲಗಿಸಿ ಗಾಡಿ ಬಿಡಲು ಹೋದರೆ, ಕಿಟಕಿಯ ಮುಂದೆ ಉಳಿಯುವವಳು ಹೆಂಡತಿ. ಆಕೆ ಗಂಡನ ಹೆಸರು ಹೇಳುವವಳಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಕೆಗೆ ಯಾರೋ ಹೇಳಿಕೊಟ್ಟಿದ್ದಾರೆ. ಈಗ ಅವನು ಒಳಗೆ ರಕ್ತ ಸುರಿಸುತ್ತ ಮಲಗಿರುವಾಗ ಹೇಳುವುದಂತೂ ದೂರ. ಸುಮ್ಮನೆ ನನ್ನ ಪೆನ್ನಿನ ತುದಿ ನೋಡುತ್ತ ನಿಲ್ಲುವಳು. ಹೊಸತರಲ್ಲಿ ನನಗೆ ದಾರಿ ತಿಳಿಯದೆ 'ಅಪರಿಚಿತ ಪುರುಷ' ಎಂದು ಬರೆದುಬಿಡುತ್ತಿದ್ದೆ. ಒಂದು ದಿನ ಬಕೆಟ್ ಹಿಡಿದು ಹೋಗುತ್ತಿದ್ದ ಮಾವಶಿ, ಅವರೂ ನಮ್ಮ ಕಡೆಯವರೇ, ನಿಂತು ಕೇಳಿದರು.

“ಏನ ಬರದಿ ತಂಗಿ?”

“ಹೇಳವಲ್ಲಳ್ರಿ. ಅಪರಿಚಿತ ಅಂತ ಬರದೀನಿ.”

“ಹೇಣ್ತಿ ಎದುರಿಗೆ ನಿಂತಾಳ. ಗಂಡ ಅಪರಿಚಿತ ಹೆಂಗಾದ?”

ಬಕೆಟ್ ಕೆಳಗಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಆ ಹೆಂಗಸಿನ ಪಕ್ಕ ನಿಂತು ಹೆಸರು ಹೇಳತೊಡಗಿದರು. ಪ್ರಶ್ನೆ ಕೇಳಿದ ಹಾಗಲ್ಲ, ಮಗುವನ್ನು ಮಲಗಿಸುವ ಹಾಗೆ. ಮಲ್ಲಪ್ಪ. ಸಾಬಣ್ಣ. ಶರಣಪ್ಪ. ಆಕೆ ಕಲ್ಲಿನ ಹಾಗೆ ನಿಂತಿದ್ದಳು. ಹಣಮಂತ. ಭೀಮರಾಯ. ಅಷ್ಟರಲ್ಲಿ ಆಕೆಯ ಕೈ ತಾನಾಗಿ ಮೇಲೆದ್ದು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಿತು.

“ಬರಿ,” ಅಂದರು ಮಾವಶಿ. “ಸೆರಗು ಹಣಿಗೆ ಬಂತಂದ್ರ ಅದ ಹೆಸರು. ಬರದ ಮ್ಯಾಲ ಇನ್ನೊಮ್ಮಿ ಓದಿ ಹೇಳು. ಸೆರಗು ಇನ್ನೊಮ್ಮಿ ಅಳ್ಳಾಡಬೇಕು. ಅಳ್ಳಾಡಲಿಲ್ಲಂದ್ರ ಗೀಟು ಹೊಡದ ಹಾಕು.”

ನಾನು ಕಲಿತ ಕೆಲಸ ಅಷ್ಟೇ. ಕೆಲವು ಎಳೆಯ ಹುಡುಗಿಯರು ಮದುವೆಯಲ್ಲಿ ಹೇಳುವ ಹಾಗೆ ಒಡಪು ಕಟ್ಟಿ ಹೆಸರು ಸೂಚಿಸುವುದೂ ಇತ್ತು. ಕಾಲು ಮುರಿದ ಗಂಡನನ್ನು ಕರೆತಂದ ಒಬ್ಬಳು ಅಳುತ್ತಲೇ, “ಬಿಳಿ ಎತ್ತಿನ ಕೊಳ್ಳಾಗ ಗಂಟಿ ಸಾಲು, ಎತ್ತಿನ ಹೆಸರ ನಮ್ಮನಿಯವರದು ಕೇಳು” ಅಂದಳು. ಬಸವರಾಜ ಎಂದು ಓದಿದೆ, ಸೆರಗು ಎಳೆದುಕೊಂಡಳು. ಆಮೇಲೆ ಮಾವಶಿ ನನ್ನನ್ನು ಕಾಡುತ್ತಿದ್ದರು.

“ಎಲ್ಲಾರ ಗಂಡಂದಿರ ಹೆಸರು ಕೇಳ್ತಿ. ನಿನ್ನ ಗಂಡನ ಹೆಸರು ಹೇಳು ನೋಡೂಣು.”

“ನಾ ಬರೀತೀನ್ರಿ. ಹೇಳೂದಿಲ್ಲ.”

“ಕಲತಾಕಿ ನೋಡ್ರಿ. ಬಾಯಿಗೆ ಮಡಿ, ಕೈಗೆ ಇಲ್ಲ.”

ಅವರ ಹಲ್ಲು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಚ್ಚಿ ಹಚ್ಚಿ ಕಪ್ಪಾಗಿದ್ದವು, ನಕ್ಕರೆ ಬಾಯಿ ಪೂರ್ತಿ ಕತ್ತಲೆಯಾಗುತ್ತಿತ್ತು. ನೀಲಿ ಅಂಚಿನ ಬಿಳಿ ಸೀರೆಯನ್ನು ಮೊಣಕಾಲ ಕೆಳಗೆ ಎತ್ತಿಕಟ್ಟಿ, ಬಂದವರ ಕಾಲಿನಿಂದ ಕೆಲಸ ಶುರು ಮಾಡುತ್ತಿದ್ದರು. ಡಾಕ್ಟರು ತಲೆ ನೋಡುತ್ತಿದ್ದರೆ ಇವರು ಪಾದ ತೊಳೆಯುತ್ತಿದ್ದರು. ಸಿಮೆಂಟು, ಸುಣ್ಣ, ಡಾಂಬರು. ಬೆರಳ ಸಂದಿಯೆಲ್ಲ ಬಿಡಿಸಿ ತೊಳೆಯುವರು. ಯಾಕೆಂದು ಒಬ್ಬ ಹೊಸ ಡಾಕ್ಟರು ಕೇಳಿದ್ದಕ್ಕೆ, “ಮಾರಿ ಬಾತಿರತದ, ಗುರ್ತ ಹತ್ತೂದಿಲ್ಲ. ಕಾಲು ಬದಲಾಗೂದಿಲ್ಲರೀ ಸಾಹೇಬ್ರ” ಎಂದು ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳಿದರು.

ಆಗ ಗ್ಲೋಜುಗಳನ್ನು, ರಬ್ಬರಿನ ಕೈಗವಸುಗಳನ್ನು, ಒಮ್ಮೆ ಹಾಕಿ ಎಸೆಯುತ್ತಿರಲಿಲ್ಲ. ಮಾವಶಿ ಅವನ್ನು ತೊಳೆದು, ಹಿತ್ತಲ ಕಿಟಕಿಗೆ ಅಡ್ಡ ಕಟ್ಟಿದ ದಾರದ ಮೇಲೆ ಒಣಹಾಕಿ, ಆಮೇಲೆ ಪೌಡರು ಹಾಕಿ ಆವಿಯಲ್ಲಿ ಕಾಯಿಸಲು ಕಳಿಸುವರು. ನಾಲ್ಕು ಗಂಟೆಯ ಬಿಸಿಲು ಆ ಕಿಟಕಿಗೆ ಬಂದು ಬೀಳುತ್ತಿತ್ತು. ಗಾಳಿ ಬಂದಾಗ ಆ ಕೈಗಳೆಲ್ಲ ಒಟ್ಟಿಗೆ ಉಬ್ಬಿ, ಬೆರಳು ಬಿಡಿಸಿ, ಯಾರನ್ನೋ ಬಾ ಅಂದ ಹಾಗೆ ಆಡುತ್ತಿದ್ದವು. ಸಾಲು ಕಡಿಮೆಯಿದ್ದ ಹೊತ್ತಿನಲ್ಲಿ ನಾನು ಅದನ್ನೇ ನೋಡುತ್ತ ಕೂತಿರುತ್ತಿದ್ದೆ. ಈಗಲೂ ಆಸ್ಪತ್ರೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಹಳದಿ ಬೆಳಕಿನ ಕೈಗಳು.

ಅದು ಏಡ್ಸ್ ಎಂಬ ಮಾತಿಗೆ ಎಲ್ಲರೂ ದನಿ ಇಳಿಸುತ್ತಿದ್ದ ಕಾಲ. ಯಾರಿಗೆ ಅದು ಇದೆ ಎಂದು ಗೊತ್ತಾಗುತ್ತದೋ ಅವರ ಕಾಗದಕ್ಕೆ ಒಂದು ಕೆಂಪು ಚೀಟಿ ಅಂಟಿಸುತ್ತಿದ್ದರು. ಆ ಚೀಟಿ ಕಂಡರೆ ಎರಡೆರಡು ಗ್ಲೋಜು ಹಾಕುವರು, ಊಟದ ತಟ್ಟೆಯನ್ನು ದೂರದಿಂದ ತಳ್ಳುವರು. ಚೀಟಿ ಇಲ್ಲದವರನ್ನು ಅವಸರದಲ್ಲಿ ಬರಿಗೈಯಲ್ಲೇ ಹಿಡಿಯುವರು. “ಗೊತ್ತಿದ್ದವರಿಗೆ ಎರಡು, ಗೊತ್ತಿಲ್ಲದವರಿಗೆ ಸೊನ್ನಿ. ಛಲೋ ಲೆಕ್ಕ,” ಅನ್ನುತ್ತಿದ್ದರು ಮಾವಶಿ. ಅವರ ಗಂಡ ಅಂಥದೇ ಕೆಂಪು ಚೀಟಿಯ ಕೆಳಗೆ ಮೂಲೆಯ ಕಾಟಿನ ಮೇಲೆ ತೀರಿಕೊಂಡವರು ಎಂದು ನನಗೆ ಬೇರೆಯವರಿಂದ ಗೊತ್ತಾಯಿತು. ಅವರಾಗಿ ಹೇಳಲಿಲ್ಲ. ನಾನಾಗಿ ಕೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಡಾಕ್ಟರುಗಳು ಒಂದು ಸಮೀಕ್ಷೆ ಮಾಡಿದರು. ಏನೇನೋ ಆಗಿ ಕ್ಯಾಜುವಲ್ಟಿಗೆ ಬರುವವರಲ್ಲಿ ಎಷ್ಟು ಜನರ ರಕ್ತದಲ್ಲಿ ಆ ರೋಗಾಣು ಇರಬಹುದು ಎಂದು ತಿಳಿಯಬೇಕಿತ್ತು. ಬೇರೆ ಪರೀಕ್ಷೆಗೆ ತೆಗೆದು ಉಳಿದ ರಕ್ತವನ್ನೇ ಸಣ್ಣ ಶೀಷೆಗೆ ಹಾಕುವುದು. ಶೀಷೆಯ ಮೇಲೆ ಹೆಸರಿಲ್ಲ, ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ಆ ಡಬ್ಬಿಯನ್ನು ಮೇಲಿನ ಮಹಡಿಗೆ ಒಯ್ಯುವ ಕೆಲಸ ಮಾವಶಿಯದಾಯಿತು. ತುಂಬಿದ ಹಾಲಿನ ಪಾತ್ರೆ ಹಿಡಿದವರ ಹಾಗೆ, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಹತ್ತುತ್ತಿದ್ದರು.

ಮುಗಿದ ಮೇಲೆ ನಮ್ಮನ್ನೆಲ್ಲ ಕೂಡಿಸಿ ದೊಡ್ಡ ಡಾಕ್ಟರು ಹೇಳಿದರು: ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನರಲ್ಲಿ ಇದೆ, ಅವರಲ್ಲಿ ಬಹುತೇಕ ಯಾರಿಗೂ ತಮಗಿದೆ ಎಂದು ಗೊತ್ತಿಲ್ಲ; ಇನ್ನು ಮೇಲೆ ಎಲ್ಲರಿಗೂ ಒಂದೇ ಎಚ್ಚರ, ಎಲ್ಲರಿಗೂ ಗ್ಲೋಜು, ಕೆಂಪು ಚೀಟಿ ಬೇಡ. ನಾವು ತಲೆಯಾಡಿಸಿದೆವು. ಮಾವಶಿ ಹಿಂದಿನ ಗೋಡೆಗೆ ಆತು ನಿಂತಿದ್ದರು.

“ಸಾಹೇಬ್ರ, ಅವ್ರಿಗೆ ಯಾರು ಹೇಳಾವ್ರು?” ಎಂದು ಮರಾಠಿಯಲ್ಲಿ ಕೇಳಿದರು.

“ಹೇಳಲು ಬರುವುದಿಲ್ಲ ಮಾವಶಿ. ಯಾರು ಎಂದು ನಮಗೇ ಗೊತ್ತಿಲ್ಲ. ಹೆಸರು ಬರೆದಿಲ್ಲವಲ್ಲ. ಅವರ ಒಪ್ಪಿಗೆ ಕೇಳದೆ ಮಾಡಿದ ಪರೀಕ್ಷೆ, ಅದಕ್ಕೇ ಹೆಸರು ಬೇಡ ಎಂದದ್ದು.”

ಡಾಕ್ಟರು ಹೇಳಿದ್ದು ಸರಿಯೇ ಇತ್ತು. ಮಾವಶಿಯೂ ಅದನ್ನು ತಪ್ಪು ಅನ್ನಲಿಲ್ಲ. ಆದರೆ ಅವತ್ತು ಸಂಜೆ ಬಸ್ಸಿಗೆ ಕಾಯುವಾಗ, “ಅಷ್ಟು ಮಂದೀನ್ನ ಎತ್ತಿಕೊಂಡು ಮ್ಯಾಲ ಹತ್ತೀನಿ ತಂಗಿ. ಒಬ್ಬರ ಹೆಸರೂ ಗೊತ್ತಿಲ್ಲ” ಎಂದರು. ಬಸ್ಸು ಬಂದು ಹೋಯಿತು. ನಾವು ಹತ್ತಲಿಲ್ಲ.

ಕೆಲವು ವರ್ಷಗಳಲ್ಲಿ ಹೆಸರು ಹಿಡಿದು, ಒಪ್ಪಿಗೆ ಕೇಳಿ, ಪರೀಕ್ಷೆ ಮಾಡುವ ಏರ್ಪಾಡು ಬಂತು. ಬಂದವರನ್ನು ಕೂಡಿಸಿ ಫಲಿತಾಂಶ ತಿಳಿಸಿ ಹೇಳಲು ಒಬ್ಬ ಮರಾಠಿ ಮೇಡಂ ಬಂದರು, ಒಳ್ಳೆಯ ಹುಡುಗಿ. ನಮ್ಮ ಕಡೆಯವರು ಬಂದರೆ ಮಾತು ತಿಳಿಸಲು ಮಾವಶಿಯನ್ನು ಕೂಗುವಳು. ಹಿಂದೆ ನಾನು ಬರೆದ ಹೆಸರು ತಪ್ಪಾದರೆ ಒಂದು ಕಾಗದ ಹುಡುಕುವುದು ತಡವಾಗುತ್ತಿತ್ತು. ಈಗ ಹಾಗಲ್ಲ. ಅದು ಗೊತ್ತಿದ್ದೂ ನಾನು ತಪ್ಪಿದೆ.

ಪುಣೆಯ ಅಂಚಿನ ವಾಕಡದಲ್ಲಿ ಕಟ್ಟಡಗಳು ಏಳುತ್ತಿದ್ದ ದಿನಗಳು. ಒಂದು ಮಧ್ಯಾಹ್ನ, ಸಾರವೆಯಿಂದ ಬಿದ್ದು ಸೊಂಟದ ಪಕ್ಕ ಕಬ್ಬಿಣದ ಸಳಿ ಹೊಕ್ಕಿದ್ದ ಒಬ್ಬ ಗೌಂಡಿಯನ್ನು, ಗಾರೆ ಕೆಲಸದವನನ್ನು, ತಂದರು. ಮೈಮೇಲೆ ಎಚ್ಚರ ಇರಲಿಲ್ಲ, ಮುಖ ಗುರುತು ಹತ್ತದಷ್ಟು ಬಾತಿತ್ತು. ಮಾವಶಿ ಒಳಗೆ ಅವನ ಕಾಲು ತೊಳೆಯುತ್ತಿದ್ದರು. ಕಿಟಕಿಗೆ ಬಂದದ್ದು ಹೆಂಡತಿ: ಕೂದಲಲ್ಲಿ ಸಿಮೆಂಟು, ಬಸುರಿ, ಏಳು ತಿಂಗಳಿರಬೇಕು. ಹೆಸರು ಕೇಳಿದೆ. ಆಕೆ ಒಣ ತುಟಿ ಸವರಿಕೊಂಡು, “ಶಿವನ ತಲಿ ಮ್ಯಾಲ ಕುಂತಾರ ನೋಡ್ರಿ, ಅವರ ಹೆಸರು” ಅಂದಳು.

ಶಿವನ ತಲೆಯ ಮೇಲೆ ಚಂದ್ರ. ಚಂದ್ರಾಮ ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಹಿಂದೆ ಸಾಲು ಕೂಗುತ್ತಿತ್ತು. ಬರೆದದ್ದನ್ನು ಓದಿ ಹೇಳಲಿಲ್ಲ.

ಆ ಮನುಷ್ಯ ವಾರ್ಡಿನಲ್ಲಿ ನಾಲ್ಕು ದಿನ ಇದ್ದ. ಅಲ್ಲಿ ಎಲ್ಲರನ್ನೂ ಕಾಟಿನ ನಂಬರಿನಿಂದ ಕರೆಯುವುದು, ಅವನು ಆರು. ಎಚ್ಚರವಾದ ಮೇಲೆ ಮಾವಶಿ ಕನ್ನಡದಲ್ಲಿ ತಿಳಿಸಿ ಹೇಳಿ ಒಪ್ಪಿಗೆಯ ಹೆಬ್ಬೆಟ್ಟು ಹಾಕಿಸಿದರು, ರಕ್ತ ತೆಗೆದರು. ಐದನೇ ದಿನ ಬೆಳಿಗ್ಗೆ ಕಾಟು ಖಾಲಿ. ಹೇಳದೆ ಹೋಗಿದ್ದ. ಆಮೇಲೆ ಫಲಿತಾಂಶ ಬಂತು. ರಕ್ತದಲ್ಲಿ ಆ ರೋಗಾಣು ಇತ್ತು.

ಮೇಡಂ ಕಾರಣ ಹೇಳದೆ, ಹೊಲಿಗೆ ನೋಡಬೇಕು ಎಂದಷ್ಟೇ ವಾಕಡದ ಮುಕಾದಮನಿಗೆ, ಕೂಲಿಗಳ ಮೇಸ್ತ್ರಿಗೆ, ಹೇಳಿಕಳಿಸಿದಳು: ಚಂದ್ರಾಮನನ್ನು ಕಳಿಸಿ. ವಾಕಡದಲ್ಲಿ ಒಬ್ಬ ಚಂದ್ರಾಮ ಇದ್ದೇ ಇದ್ದ. ಅವನಿಗೆ ಹಿಂದಿನ ತಿಂಗಳು ಅಂಗೈಗೆ ಹೊಲಿಗೆಯೂ ಬಿದ್ದಿತ್ತು. ತಲೆ ಬಾಚಿಕೊಂಡು ಬಂದು ಮೇಡಂ ಎದುರು ಕೂತ. ಆಕೆ ಬಾಗಿಲು ಹಾಕಿ, ಮಾವಶಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಮರಾಠಿಯಲ್ಲಿ ಶುರು ಮಾಡಿದಳು: ಇವರಿಗೆ ಹೇಳಿ, ರಕ್ತದ ಫಲಿತಾಂಶ ಬಂದಿದೆ, ಹೆದರಬಾರದು.

ಮಾವಶಿ ಅವನ ಕಾಲು ನೋಡುತ್ತಿದ್ದರು. ಅವರು ಅವತ್ತು ತೊಳೆದ ಗೌಂಡಿಯ ಎಡಗಾಲಿನಲ್ಲಿ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. ಆ ಸಂದಿಯ ಸಿಮೆಂಟು ಬಿಡಿಸಲು ಬಹಳ ಹೊತ್ತು ಹಿಡಿದಿತ್ತು. ಈ ಕಾಲಿನ ಬೆರಳೆಲ್ಲ ನೆಟ್ಟಗಿದ್ದವು.

“ನಿನ್ನ ಕೈ ತೋರ್ಸು,” ಅಂದರು. ನೋಡಿದರು. “ಮಾಯ್ದದ. ಕಾಗದ ಅದಲಿಬದಲಿ ಆಗ್ಯಾವ, ನಿಂದಲ್ಲ ಇದು. ಹೋಗಿ ಚಹಾ ಕುಡಿ.”

“ಇಷ್ಟಕ್ಕ ವಾಕಡದಿಂದ ಕರಸಿದ್ರೇನ್ರಿ?”

“ಹೌದಪಾ, ನಮಗ ಬುದ್ಧಿ ಕಮ್ಮಿ.”

ಅವನು ಗೊಣಗುತ್ತ ನನ್ನ ಕಿಟಕಿಯ ಮುಂದೆಯೇ ಹಾದುಹೋದ. ಎಂಥ ಸುದ್ದಿ ತನ್ನನ್ನು ತಾಕದೆ ಹೋಯಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮಾವಶಿ ಬಂದು ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿದರು. ಬೈಯಲಿಲ್ಲ.

“ತಂಗಿ, ಆಕಿ ಏನಂದ್ಲು? ನೀ ಬರದದ್ದು ಬ್ಯಾಡ. ಆಕಿ ಅಂದದ್ದು ಹೇಳು.”

ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

“ಶಿವನ ತಲಿ ಮ್ಯಾಲ ಒಬ್ಬನ ಅದಾನೇನು? ಚಂದ್ರ ಅದಾನ, ಗಂಗಿ ಅದಾಳ, ನಾಗಪ್ಪ ಅದಾನ, ಜಟಿ ಅದ. ದೊಡ್ಡ ಸಂಸಾರ ಅದು. ನೀ ಒಬ್ಬನ್ನ ನೋಡಿ ಬಾಗಲಾ ಹಾಕಿದಿ.”

ಆ ಬಸುರಿ ಎಲ್ಲೋ ಇದ್ದಾಳೆ, ಎರಡು ತಿಂಗಳೊಳಗೆ ಹೆರುತ್ತಾಳೆ. ಹೆರಿಗೆಯ ಹೊತ್ತಿಗೆ ತಾಯಿಗೆ ಒಂದು ಗುಳಿಗೆ, ಹುಟ್ಟಿದ ಮಗುವಿಗೆ ಕೆಲವು ಹನಿ ಔಷಧ ಕೊಟ್ಟರೆ ಮಗುವನ್ನು ಉಳಿಸಿಕೊಳ್ಳುವ ಆಸೆ ಇರುತ್ತದೆ ಎಂದು ಮೇಡಂ ಹೇಳಿದ್ದಳು. ಅದಕ್ಕೆ ಮೊದಲು ಅವರು ಸಿಗಬೇಕು. ಸಿಗಲು ನನ್ನ ಕಾಗದದಲ್ಲಿದ್ದದ್ದು ಬೇರೊಬ್ಬನ ಹೆಸರು.

ಭಾನುವಾರ ಇಬ್ಬರೂ ವಾಕಡಕ್ಕೆ ಹೋದೆವು. ಗೌಂಡಿಯನ್ನು ಹುಡುಕಿಕೊಂಡು ಆಸ್ಪತ್ರೆಯವರು ಬಂದಿದ್ದರು ಎಂದಾದರೆ ಸಂಜೆಯೊಳಗೆ ಕ್ಯಾಂಪಿಗೆಲ್ಲ ಗುಸುಗುಸು. ಅದಕ್ಕೇ ಮಾವಶಿ ಚೀಲದಲ್ಲಿ ಹಸಿರು ಬಳೆ, ಕುಬಸಕ್ಕೆ ಖಣ, ಒಂದು ಹಿಡಿ ಅಕ್ಕಿ, ಕುಂಕುಮ ಇಟ್ಟುಕೊಂಡಿದ್ದರು. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಲು ಯಾರೂ ಕಾರಣ ಕೇಳುವುದಿಲ್ಲ.

ಆ ದಿನ ನನಗೆ ಕನಸಿನ ಹಾಗೇ ನೆನಪಿದೆ. ಪೇರಲ ತೋಟದ ಅಂಚಿನ ಕಾಲುದಾರಿ, ಅದರಾಚೆ ಹೊಲದ ನಡುವೆ ಗೋಡೆಯಿಲ್ಲದ ಮನೆಗಳು, ಬರೀ ಕಂಬ ಮತ್ತು ಆಕಾಶ. ಗಾಳಿಯಲ್ಲಿ ಸಿಮೆಂಟಿನ ಪುಡಿ, ಬಿಸಿಲಿಗೆ ಹಿಟ್ಟಿನ ಹಾಗೆ ತೇಲುತ್ತಿತ್ತು. ತಗಡಿನ ಗುಡಿಸಲುಗಳ ಒಂದು ಸಾಲು, ಎರಡು ಸಾಲು. ಬಸುರಿಯರಿದ್ದಲ್ಲೆಲ್ಲ ಮಾವಶಿ ಕೂತು ಬಳೆ ಇಡಿಸಿದರು, ನಕ್ಕರು, ಎದ್ದರು. ಮೂರನೆಯ ಸಾಲಿನಲ್ಲಿ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಗುರುತು ಹಿಡಿದದ್ದು ಅವಳೇ.

ಮಾವಶಿ ಪಕ್ಕದಲ್ಲಿ ಕೂತು ಅವಳ ಕೈಯ ಹಿಟ್ಟು ತೊಳೆದರು. ಬಳೆ ಏರಿಸುತ್ತ, ಮೆತ್ತಗೆ, “ನಾಗಪ್ಪ,” ಅಂದರು. ಒಂದು ಬಳೆ. “ಜಟ್ಟೆಪ್ಪ.” ಇನ್ನೊಂದು ಬಳೆ. “ಗಂಗಾರಾಮ.”

ಅವಳ ಬಲಗೈ ಮಾವಶಿಯ ಕೈಯಲ್ಲಿತ್ತು. ಎಡಗೈಯಿಂದ ಸೆರಗು ಎಳೆದುಕೊಂಡಳು.

ಮಾವಶಿ ಇನ್ನೊಮ್ಮೆ ಹೇಳಿದರು. ಸೆರಗು ಇನ್ನೊಮ್ಮೆ ಅಲ್ಲಾಡಿತು. ಅವರು ತಿರುಗಿ ನನ್ನನ್ನು ನೋಡಿದರು, ಅಷ್ಟೇ. ಇಲ್ಲಿ ಒಂದು ಮಾತು: ಒಡಪು ನಿಜ, ಹೆಸರುಗಳನ್ನು ಬದಲಿಸಿದ್ದೇನೆ. ಶಿವನ ತಲೆಯ ಮೇಲಿರುವ ಯಾರ ಹೆಸರಾದರೂ ಅದಾಗಿರಬಹುದು.

ಗಂಡ ಬಂದ; ಎರಡನೇ ಬೆರಳು ಹೆಬ್ಬೆರಳ ಮೇಲಿತ್ತು. ಮರುದಿನ ಇಬ್ಬರೂ ಆಸ್ಪತ್ರೆಗೆ ಬಂದರು. ಬಾಗಿಲು ಹಾಕಿಕೊಂಡಿತು. ಒಳಗೆ ಏನಾಯಿತೆಂದು ನಾನು ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದ ಮಾವಶಿ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತಿದ್ದರು, ನೀರು ಸುಮ್ಮನೆ ಹರಿಯುತ್ತಿತ್ತು. ಹೆಂಡತಿಯ ರಕ್ತದಲ್ಲೂ ಇತ್ತು. ಹೆರಿಗೆ ನಮ್ಮಲ್ಲೇ ಆಯಿತು. ಗುಳಿಗೆ, ಹನಿ, ಎಲ್ಲ ಹೊತ್ತಿಗೆ ಸರಿಯಾಗಿ ಬಿತ್ತು. ಮಗುವಿನ ವಿಷಯ ಖಚಿತವಾಗಿ ತಿಳಿಯಲು ಒಂದೂವರೆ ವರ್ಷ ಕಾಯಬೇಕಿತ್ತು. ಕಾದೆವು. ನಾನು ಕ್ಯಾಲೆಂಡರಿನಲ್ಲಿ ಹಾಲಿನ ಗುರುತಿನ ಪಕ್ಕ ಒಂದು ಸಣ್ಣ ಚುಕ್ಕೆ ಹಾಕುತ್ತ ಹೋದೆ.

ಒಂದು ದಿನ ಕಿಟಕಿಯ ಕೆಳಗೆ ಏನೋ ಬಡಿದ ಸಪ್ಪಳ. ಬಗ್ಗಿ ನೋಡಿದರೆ ಒಂದು ಗಂಡುಮಗು ನನ್ನ ಗೋಡೆಗೆ ಚಪ್ಪಲಿ ಬಡಿಯುತ್ತಿದೆ. ಉದ್ದನೆಯ ವರಾಂಡದ ಆ ತುದಿಯಿಂದ ಅದರ ತಾಯಿ ಓಡುತ್ತ ಬಂದಳು. ಗಂಡನ ಹೆಸರಿಗೆ ತುಟಿ ಬಿಚ್ಚದವಳು ಇಡೀ ಕ್ಯಾಜುವಲ್ಟಿಗೆ ಕೇಳುವ ಹಾಗೆ ಮಗನನ್ನು ಕೂಗುತ್ತಿದ್ದಳು: “ಚಂದ್ರಾಮಾ, ಏ ಚಂದ್ರಾಮಾ.”

ನನ್ನ ಮುಖ ನೋಡಿ ನಾಚಿದಳು. “ನೀವ ಬರದಿದ್ರಲ್ಲರೀ. ಅದನ್ನ ಇಟ್ಟೀವಿ.” ಆಮೇಲೆ ದನಿ ಇಳಿಸಿ, “ಇವನಿಗೆ ಏನೂ ಇಲ್ಲಂತರೀ” ಅಂದಳು.

ಮಾವಶಿ ಬಕೆಟ್ ಹಿಡಿದು ಬಂದವರು ಮಗುವಿನ ಎಡಗಾಲು ಎತ್ತಿ ಬೆರಳು ನೋಡಿ, “ಅಪ್ಪನದ ಕಾಲು” ಅಂದರು. ನನ್ನ ಕಡೆ ತಿರುಗಿ, “ನೋಡು ತಂಗಿ, ನಿನ್ನ ತಪ್ಪಿಗೆ ಕಾಲು ಬಂದಾವ, ಓಡಾಡಲಿಕ್ಕ ಹತ್ತೇದ.” ಅವರ ಕಪ್ಪು ಹಲ್ಲು ಅಷ್ಟು ಹೊತ್ತು ಕಂಡದ್ದು ಅದೇ ಮೊದಲು.

ಮಾವಶಿ ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಅವರ ತಂಗಿಯ ಮಗಳು ರಿಕ್ಷಾದಲ್ಲಿ ಅವರನ್ನು ಕರೆತಂದಳು. ಸ್ನಾನದ ಮನೆಯಲ್ಲಿ ಬಿದ್ದಿದ್ದರು, ಒಂದು ಬದಿ ಬಿದ್ದುಹೋಗಿತ್ತು, ಮಾತು ಹೋಗಿತ್ತು. ಕಿಟಕಿಯ ಹಿಂದೆ ನಾನೇ ಇದ್ದೆ. ಹೊಸ ನಮೂನೆಯ ಕಾಗದ. ಅದರಲ್ಲಿ ಗಂಡನ ಹೆಸರಿಗೆ ಬೇರೆ ಜಾಗ ಇತ್ತು. ಹುಡುಗಿಗೆ ಗೊತ್ತಿರಲಿಲ್ಲ. “ಕಾಕಾ ಅಂತಿದ್ವಿರೀ ಎಲ್ಲಾರೂ. ನಾ ಸಣ್ಣಾಕಿದ್ದೆ.”

ಹಳೆಯ ದಾಖಲೆ ತೆಗೆಸಿದರೆ ಸಿಗುತ್ತಿತ್ತು. ಅಥವಾ ಆ ಜಾಗವನ್ನು ಖಾಲಿ ಬಿಡಬಹುದಿತ್ತು. ನಾನು ಕಾಗದ ಹಿಡಿದು ಒಳಗೆ ಹೋದೆ. ಯಾರೋ ಹೊಸ ಮಾವಶಿ, ಗ್ಲೋಜು ಹಾಕಿದ ಕೈಯಲ್ಲಿ, ಅವರ ಪಾದ ಒರೆಸುತ್ತಿದ್ದಳು. ಸೀರೆ ತೆಗೆದು ಆಸ್ಪತ್ರೆಯ ಅಂಗಿ ಹಾಕಿದ್ದರು. ನಾನು ಕಿವಿಯ ಹತ್ತಿರ ಬಗ್ಗಿ, ಅವರು ಕಲಿಸಿದ ಹಾಗೆ ಹೇಳತೊಡಗಿದೆ. ಮಲ್ಲಪ್ಪ. ಸಾಬಣ್ಣ. ಶರಣಪ್ಪ. ಪ್ರತಿ ಹೆಸರಿನ ನಡುವೆ ಒಂದು ಉಸಿರು. ಹಿತ್ತಲ ಕಿಟಕಿಯಿಂದ ಅದೇ ನಾಲ್ಕು ಗಂಟೆಯ ಬಿಸಿಲು ಬಿದ್ದಿತ್ತು. ದಾರ ಇರಲಿಲ್ಲ, ಒಣಹಾಕಿದ ಕೈಗಳೂ ಇರಲಿಲ್ಲ. ಎಷ್ಟು ಹೆಸರು ಹೇಳಿದೆನೋ ಗೊತ್ತಿಲ್ಲ. ಒಂದು ಹೆಸರಿಗೆ ಅವರ ಆಡುವ ಕೈ ಹಾಸಿಗೆಯಿಂದ ಎದ್ದಿತು. ಮೆಲ್ಲಗೆ ಭುಜದವರೆಗೆ ಬಂತು, ಅಲ್ಲಿ ತಡಕಾಡಿತು. ಸೆರಗು ಇರಲಿಲ್ಲ.

ಹೊದಿಸಿದ್ದ ಚಾದರದ ಅಂಚನ್ನು ಅವರ ಬೆರಳಿಗೆ ಕೊಟ್ಟೆ. ಹಿಡಿದುಕೊಂಡರು. ಅದನ್ನು ತಲೆಯ ಮೇಲಕ್ಕೆ ಎಳೆಯಲು ನಾನೂ ಕೈ ಕೊಟ್ಟೆ, ಹಣೆಯ ಅಂಚಿಗೆ ಬಂದು ನಿಂತಿತು.

ಬರೆದೆ. ಬರೆದದ್ದನ್ನು ಇನ್ನೊಮ್ಮೆ ಓದಿ ಹೇಳಿದೆ. ಚಾದರದ ಅಂಚು ಇನ್ನೊಮ್ಮೆ ಅಲ್ಲಾಡಿತು.